ಕಬಿನಿಯಲ್ಲಿ ಎರಡು ದಿನ: ನಾಲ್ಕು ಸಫಾರಿ ಬೇಕೇ, ಎರಡು ಸಾಕೇ?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಮಕ್ಕಳ ಬೇಸಿಗೆ ರಜೆಯಲ್ಲಿ, ಏಪ್ರಿಲ್ ಕೊನೆಯ ವಾರ, ಕಬಿನಿ ಹಿನ್ನೀರಿನ ದಂಡೆಯ ರೆಸಾರ್ಟ್ ಒಂದರಲ್ಲಿ ಎರಡು ರಾತ್ರಿ ತಂಗಿ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಬಂಡೀಪುರದ ಮೂಲಕ ಊಟಿಗೆ ಹೋಗುವ ಯೋಚನೆ ಇದೆ. ಜೊತೆಗೆ ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ ಮತ್ತು ಎಪ್ಪತ್ತೊಂದು ವರ್ಷದ ಅತ್ತೆ ಇರುತ್ತಾರೆ. ಅತ್ತೆಯವರಿಗೆ ಒಂದು ಮಂಡಿಯ ಶಸ್ತ್ರಚಿಕಿತ್ಸೆ ಆಗಿದೆ, ಸೊಂಟ ನೋವೂ ಇದೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ನಮ್ಮ ಯಜಮಾನರು ನಾಲ್ಕು ಹೊತ್ತೂ ಸಫಾರಿಗೆ ಹೋಗಲೇಬೇಕು, ಹುಲಿ ಕಾಣದಿದ್ದರೆ ಖರ್ಚು ಮಾಡಿದ್ದೆಲ್ಲ ದಂಡ ಎನ್ನುತ್ತಾರೆ. ನನಗೆ ಮಾತ್ರ ಒಂದು ದಿನವಾದರೂ ಆತುರವಿಲ್ಲದೆ ಪ್ರಾಣಿ, ಪಕ್ಷಿ ನೋಡಿಕೊಂಡು ಕೂರುವ ಆಸೆ. ಬನ್ನೇರುಘಟ್ಟದಲ್ಲಿ ಚಿರತೆ ಕಿಟಕಿಯಿಂದ ಹುಡುಗನ ಕೈ ಪರಚಿದ ವಿಡಿಯೊ ನೋಡಿದ ಮೇಲೆ ತೆರೆದ ಜೀಪೆಂದರೆ ಎದೆ ಹೊಡೆದುಕೊಳ್ಳುತ್ತದೆ. ಕೆಂಪು ಬಟ್ಟೆ ಕಂಡರೆ ಆನೆ ಕೆರಳುತ್ತದೆ ಎಂದು ಅತ್ತೆ ಹೇಳುತ್ತಾರೆ. ಮಂಗನ ಕಾಯಿಲೆಯ ಹೆದರಿಕೆಯೂ ಇದೆ. ಚಿಕ್ಕವನು ಸುಮ್ಮನೆ ಕೂರುವವನಲ್ಲ. ಇಂಥ ಕುಟುಂಬಕ್ಕೆ ಜೀಪ್ ಒಳ್ಳೆಯದೇ, ದೋಣಿ ಒಳ್ಳೆಯದೇ, ಅಥವಾ ಹೋಗದಿರುವುದೇ ಒಳ್ಳೆಯದೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಏಳೆಂಟು ಇದ್ದರೂ ಅವುಗಳ ಹಿಂದಿರುವ ಆತಂಕ ಎರಡೇ: ಕಾಡಿನಲ್ಲಿ ಮನೆಯವರಿಗೆ ಏನಾದರೂ ಆದೀತೇ ಎಂಬುದು ಒಂದು, ರಜೆಗೆಂದು ಹೋಗಿ ಕೆಲಸಕ್ಕಿಂತ ಹೆಚ್ಚು ದಣಿದು ಬರುತ್ತೇವೆಯೇ ಎಂಬುದು ಇನ್ನೊಂದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಖಂಡಿತ ಹೋಗಿ. ಆದರೆ ನಾಲ್ಕು ಸಫಾರಿ ಬೇಡ, ಎರಡು ಸಾಕು, ಅವುಗಳಲ್ಲಿ ಒಂದು ದೋಣಿಯದಾಗಿರಲಿ. ನೀವು ಹೆದರುತ್ತಿರುವ ಸಂಗತಿಗಳಲ್ಲಿ ಹೆಚ್ಚಿನವು ಅಪಾಯಕಾರಿಯಲ್ಲ. ನಿಜವಾಗಿ ಎಚ್ಚರ ವಹಿಸಬೇಕಾದ ಕೆಲವು ಸಂಗತಿಗಳು ನಿಮ್ಮ ಪತ್ರದಲ್ಲಿ ಬಂದೇ ಇಲ್ಲ. ಕಬಿನಿ, ಬಂಡೀಪುರದ ಕಾಡುಗಳಲ್ಲಿ ಪ್ರವಾಸಿಗರ ಜೊತೆ ಓಡಾಡುವುದೇ ವೃತ್ತಿಯಾಗಿರುವ ನನಗೆ ಇಂಥ ಪತ್ರಗಳು ಪ್ರತಿ ಬೇಸಿಗೆಯಲ್ಲೂ ಬರುತ್ತವೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬನ್ನೇರುಘಟ್ಟದ ಆ ಘಟನೆ ನಡೆದದ್ದು 2025ರ ಆಗಸ್ಟ್‌ನಲ್ಲಿ. ಅದು ನಿಜವಾದ ಘಟನೆಯೇ, ಆದರೆ ಅದು ನಡೆದದ್ದು ಬೇಲಿ ಹಾಕಿದ ಉದ್ಯಾನದೊಳಗೆ. ಅಲ್ಲಿನ ಚಿರತೆಗಳು ಮನುಷ್ಯರ ಆರೈಕೆಯಲ್ಲಿ ಬೆಳೆದು, ದಿನವಿಡೀ ಒಂದರ ಹಿಂದೊಂದು ಬರುವ ವಾಹನಗಳನ್ನು ಕಂಡು, ಅವುಗಳ ಭಯವನ್ನು ಪೂರ್ತಿ ಕಳೆದುಕೊಂಡಿರುತ್ತವೆ. ಕಿಟಕಿಯಲ್ಲಿ ಅಲುಗಾಡುವ ಕೈ ಅವಕ್ಕೆ ಕುತೂಹಲದ ವಸ್ತು. ಕಬಿನಿಯ ಸಫಾರಿ ನಡೆಯುವ ನಾಗರಹೊಳೆಯ ಕಾಡಿನ ಚಿರತೆಯಾದರೋ ಮನುಷ್ಯನ ಸುಳಿವು ಸಿಕ್ಕರೆ ಪೊದೆಯೊಳಗೆ ಕರಗಿಹೋಗುವ ಪ್ರಾಣಿ. ಅದು ವಾಹನದ ಹತ್ತಿರ ಬರುವುದಿಲ್ಲವಲ್ಲ ಎಂದು ಕೊರಗುವವರೇ ಹೆಚ್ಚು.

ಹುಲಿಯ ವಿಷಯವೂ ಬಹುಮಟ್ಟಿಗೆ ಹೀಗೆಯೇ. ಸಫಾರಿ ದಾರಿಗಳ ಆಸುಪಾಸಿನಲ್ಲಿ ಹುಟ್ಟಿ ಬೆಳೆದ ಹುಲಿಗಳು ಜೀಪನ್ನು, ಅದರಲ್ಲಿ ಕುಳಿತವರನ್ನೂ ಸೇರಿಸಿ, ಸದ್ದು ಮಾಡುತ್ತ ಬಂದು ಹೋಗುವ ಒಂದೇ ದೊಡ್ಡ ಆಕೃತಿ ಎಂಬಂತೆ ಸ್ವೀಕರಿಸಿರುತ್ತವೆ. ಆ ಆಕೃತಿಯಿಂದ ತಮಗೆ ಕೇಡೂ ಇಲ್ಲ, ಆಹಾರವೂ ಇಲ್ಲ ಎಂಬುದು ಅವು ಮರಿಯಾಗಿದ್ದಾಗಲೇ ತಾಯಿಯ ಜೊತೆ ಕಲಿತ ಪಾಠ. ಆದರೆ ಆ ಆಕೃತಿ ಒಡೆದ ಕ್ಷಣ, ಅಂದರೆ ಯಾರೋ ಸೀಟಿನ ಮೇಲೆ ಎದ್ದು ನಿಂತಾಗ, ಕೈ ಹೊರಗೆ ಚಾಚಿದಾಗ, ಬಿದ್ದ ಟೋಪಿಗಾಗಿ ಕೆಳಗಿಳಿದಾಗ, ಲೆಕ್ಕ ಬದಲಾಗುತ್ತದೆ. ಕೂತಿರಿ, ಇಳಿಯಬೇಡಿ ಎಂದು ನಾವು ಪದೇಪದೇ ಹೇಳುವುದು ಈ ಕಾರಣಕ್ಕೆ.

ಆನೆಯ ವಿಷಯ ಬೇರೆ. ಕಬಿನಿಯಲ್ಲಿ ಚಾಲಕರು ನಿಜವಾಗಿ ಗೌರವಿಸುವ ಪ್ರಾಣಿ ಇದು, ಅದರಲ್ಲೂ ಮರಿಯಿರುವ ಹಿಂಡು ಮತ್ತು ಮದವೇರಿದ ಸಲಗ. ಹಿಂಡು ಸಿಟ್ಟಾಗಲು ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ: ತಾಯಿಗೂ ಮರಿಗೂ ನಡುವೆ ವಾಹನ ನಿಂತಿರುತ್ತದೆ, ಇಲ್ಲವೇ ನೀರಿಗೆ ಹೋಗುವ ದಾರಿಗೆ ಅಡ್ಡವಾಗಿರುತ್ತದೆ. ಕಿವಿಯನ್ನು ಅಗಲಿಸಿ, ತಲೆ ಎತ್ತಿ, ಘೀಳಿಟ್ಟು, ಕಾಲಿನಿಂದ ಧೂಳೆಬ್ಬಿಸಿ ನಾಲ್ಕು ಹೆಜ್ಜೆ ಮುನ್ನುಗ್ಗಿ ನಿಲ್ಲುವ ಆನೆ ಬಹುತೇಕ ಎಚ್ಚರಿಕೆ ಕೊಡುತ್ತಿರುತ್ತದೆ. ಸದ್ದಿಲ್ಲದೆ, ಸೊಂಡಿಲನ್ನು ಒಳಕ್ಕೆ ಸುರುಳಿ ಸುತ್ತಿಕೊಂಡು, ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡು ಬರುವ ಆನೆ ಎಚ್ಚರಿಕೆಯ ಹಂತವನ್ನು ದಾಟಿರುತ್ತದೆ. ಮದದಲ್ಲಿರುವ ಗಂಡಾನೆಯ ಕೆನ್ನೆಯ ಮೇಲೆ ಕಣ್ಣಿಗೂ ಕಿವಿಗೂ ನಡುವಿನ ಗ್ರಂಥಿಯಿಂದ ಇಳಿದ ಕಪ್ಪು ತೇವದ ಗೆರೆ ಕಾಣುತ್ತದೆ, ಹಿಂಗಾಲುಗಳು ಮೂತ್ರದಿಂದ ಒದ್ದೆಯಾಗಿರುತ್ತವೆ. ಅನುಭವಿ ಚಾಲಕರು ಇದನ್ನೆಲ್ಲ ದೂರದಿಂದಲೇ ಗುರುತಿಸಿ ವಾಹನವನ್ನು ಹಿಂದಕ್ಕೆ ತೆಗೆಯುತ್ತಾರೆ. ಆ ಹೊತ್ತಿನಲ್ಲಿ ನಿಮ್ಮ ಪಾಲಿನ ಕೆಲಸವೆಂದರೆ ಕಿರುಚದಿರುವುದು ಮತ್ತು 'ಇನ್ನೊಂದು ಫೋಟೊ' ಎಂದು ಚಾಲಕರನ್ನು ತಡೆಯದಿರುವುದು.

ಕೆಂಪು ಬಟ್ಟೆಯ ನಂಬಿಕೆಗೆ ಆಧಾರವಿಲ್ಲ. ಬಣ್ಣವನ್ನು ಗ್ರಹಿಸುವ ಕೋಶಗಳು ನಮ್ಮ ಕಣ್ಣಿನಲ್ಲಿ ಮೂರು ಬಗೆಯವು. ಆನೆ, ಜಿಂಕೆ, ಕಾಟಿಗಳಲ್ಲಿ ಎರಡೇ ಬಗೆಯವು. ಕೆಂಪನ್ನೂ ಹಸಿರನ್ನೂ ಅವು ನಮ್ಮಂತೆ ಬೇರ್ಪಡಿಸಿ ನೋಡಲಾರವು. ಅವಕ್ಕೆ ಕಾಣುವುದು ಬಣ್ಣಕ್ಕಿಂತ ಹೆಚ್ಚಾಗಿ ಹೊಳಪು ಮತ್ತು ಚಲನೆ, ಆದ್ದರಿಂದ ಕಣ್ಣು ಕೋರೈಸುವ ಬಿಳಿಗಿಂತ ಅತ್ತೆಯವರ ಕೆಂಪು ಸೀರೆಯೇ ವಾಸಿ. ಆನೆ ನಮ್ಮನ್ನು ಮೊದಲು ಅರಿಯುವುದು ಮೂಗಿನಿಂದ. ದಟ್ಟ ಸುಗಂಧದ ಸ್ಪ್ರೇ ಹಾಕಿಕೊಂಡು ಬರಬೇಡಿ ಎಂಬ ಸಲಹೆಗೆ ಮಾತ್ರ ಅರ್ಥವಿದೆ, ಅದೂ ಆನೆ ಕೆರಳುತ್ತದೆಂಬ ಕಾರಣಕ್ಕಲ್ಲ. ಪಕ್ಕದ ಸೀಟಿನವರಿಗೆ ಕಾಡಿನ ವಾಸನೆ ಸಿಗಲಿ ಎಂದು.

ಮಂಗನ ಕಾಯಿಲೆಯ ಬಗ್ಗೆ ನಿಮ್ಮ ಎಚ್ಚರ ತಪ್ಪಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ವೈರಸ್ ರೋಗ 2012ರಲ್ಲಿ ಬಂಡೀಪುರ ಪ್ರದೇಶದಲ್ಲೂ ಪತ್ತೆಯಾಯಿತು, ಮತ್ತು ಏಪ್ರಿಲ್ ತಿಂಗಳು ಅದರ ಋತುವಿನೊಳಗೇ ಬರುತ್ತದೆ. ಆದರೆ ಅದು ಹರಡುವುದು ಉಣುಗುಗಳ ಕಡಿತದಿಂದ, ಉಣುಗುಗಳು ಇರುವುದು ತರಗೆಲೆಯ ಹಾಸಿನಲ್ಲಿ ಮತ್ತು ಗಿಡಗಂಟಿಗಳಲ್ಲಿ. ಸೌದೆ, ಸೊಪ್ಪು ತರಲು ಕಾಡಿನೊಳಗೆ ನಡೆಯುವವರಿಗೆ, ಅರಣ್ಯ ಇಲಾಖೆಯ ಕಾವಲುಗಾರರಿಗೆ ಇರುವ ಅಪಾಯಕ್ಕೂ ವಾಹನದಲ್ಲಿ ಅಥವಾ ದೋಣಿಯಲ್ಲಿ ಕುಳಿತವರಿಗೆ ಇರುವ ಅಪಾಯಕ್ಕೂ ಅಜಗಜಾಂತರ. ರೆಸಾರ್ಟಿನ ಅಂಚಿನ ಪೊದೆಗಳಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ, ಸಂಜೆ ಸ್ನಾನದ ಹೊತ್ತಿಗೆ ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಹಿಂದೆ ಒಮ್ಮೆ ನೋಡಿ, ಸತ್ತ ಕೋತಿ ಕಂಡರೆ ಹತ್ತಿರ ಹೋಗಬೇಡಿ. ಊರಿಗೆ ಮರಳಿದ ಒಂದೆರಡು ವಾರಗಳಲ್ಲಿ ಯಾರಿಗಾದರೂ ಜೋರು ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ.

ಹಾಗಾದರೆ ಅಪಾಯ ಎಲ್ಲಿದೆ? ನಿಮ್ಮ ಪ್ರವಾಸದ ಯೋಜನೆಯಲ್ಲಿ ನನಗೆ ಕಳವಳ ಹುಟ್ಟಿಸುವುದು ಸಫಾರಿಯಲ್ಲ, ಅದು ಮುಗಿದ ಮೇಲಿನ ಬಾಡಿಗೆ ಕಾರಿನ ಪ್ರಯಾಣ. 2025ರ ಆಗಸ್ಟ್‌ನಲ್ಲೇ ಬಂಡೀಪುರ–ಊಟಿ ರಸ್ತೆಯ ಕೆಕ್ಕನಹಳ್ಳದ ಬಳಿ ಕಾರಿನಿಂದಿಳಿದು ಆನೆಯ ಹತ್ತಿರ ಹೋದ ಪ್ರವಾಸಿಯೊಬ್ಬರನ್ನು ಅದು ಅಟ್ಟಿಸಿಕೊಂಡು ಹೋಗಿ ತುಳಿಯಿತು. ಅವರು ಬದುಕಿ ಉಳಿದದ್ದು ಪುಣ್ಯ, ಇಲಾಖೆ ಅವರಿಗೆ 25,000 ರೂಪಾಯಿ ದಂಡವನ್ನೂ ಹಾಕಿತು. ಸಫಾರಿ ವಾಹನದಲ್ಲಿ ಚಾಲಕನಿಗೆ ಪ್ರಾಣಿಯ ಭಾಷೆ ಗೊತ್ತಿರುತ್ತದೆ, ಇಳಿಯದಂತೆ ತಡೆಯುವವರು ಇರುತ್ತಾರೆ. ಹೆದ್ದಾರಿಯಲ್ಲಿ ಇವೆರಡೂ ಇಲ್ಲ. ಅಲ್ಲಿನ ಕೆಲವು ಆನೆಗಳು ಲಾರಿಗಳಿಂದ ಸಿಗುವ ತರಕಾರಿಯ ರುಚಿ ಕಂಡುಕೊಂಡಿರುವುದರಿಂದ ರಸ್ತೆಯಂಚನ್ನು ಬಿಡುವುದೂ ಇಲ್ಲ. ಚಿಕ್ಕವನಿಗೆ ಮೂತ್ರ ಬಂದಿದೆ ಎಂದು ಕಾಡಿನ ನಡುವೆ ಕಾರು ನಿಲ್ಲಿಸುವ ಪ್ರಸಂಗ ಬರದಂತೆ ಗುಂಡ್ಲುಪೇಟೆಯಲ್ಲೇ ಎಲ್ಲ ಮುಗಿಸಿಕೊಂಡು ಹೊರಡಿ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಮನಸ್ಸು ಬದಲಿಸಿ ವಯನಾಡಿನ ಕಡೆ ಹೊರಟರೆ ನಾಗರಹೊಳೆಯೊಳಗಿನ ಮೈಸೂರು–ಮಾನಂದವಾಡಿ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ. ಗೇಟು ಮುಚ್ಚುವ ಆತುರದಲ್ಲಿ ಕಾರು ಓಡಿಸುವುದು ಇನ್ನೊಂದು ಅಪಾಯ, ಆದ್ದರಿಂದ ಕಾಡಿನ ರಸ್ತೆಯನ್ನು ಹಗಲಿನಲ್ಲೇ ದಾಟಿ.

ಇನ್ನು ನಿಮ್ಮ ಯಜಮಾನರ ವಾದ. ಹುಲಿ ನೋಡುವ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಆ ಆಸೆ ಇಲ್ಲದವರು ಈ ವೃತ್ತಿಗೆ ಬರುವುದೇ ಇಲ್ಲ. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿವೆ ಎಂದು ಅಂದಾಜಾಯಿತು, ನಾಗರಹೊಳೆಯೊಂದರಲ್ಲೇ 141. ಸಂಖ್ಯೆ ದೊಡ್ಡದೇ, ಆದರೆ ಹುಲಿ ಹಗಲಿನ ಹೆಚ್ಚು ಹೊತ್ತು ನೆರಳಿನಲ್ಲಿ ಮಲಗಿರುತ್ತದೆ, ಲಂಟಾನ ಪೊದೆಗಳು ಕಾಡಿನ ನೆಲವನ್ನು ಎಷ್ಟರಮಟ್ಟಿಗೆ ಮುಚ್ಚಿವೆಯೆಂದರೆ ದಾರಿಯಿಂದ ಹತ್ತು ಮಾರು ದೂರದಲ್ಲಿ ಮಲಗಿದ ಹುಲಿಯೂ ಕಾಣದಿರಬಹುದು, ಮತ್ತು ಪ್ರವಾಸಿ ವಾಹನಗಳು ಹೋಗುವುದು ಸಂರಕ್ಷಿತ ಪ್ರದೇಶದ ಒಂದು ಸಣ್ಣ ಭಾಗದಲ್ಲಿ ಮಾತ್ರ. ಏಪ್ರಿಲ್‌ನಲ್ಲಿ ತೇಗ, ಮತ್ತಿ ಮರಗಳ ಎಲೆ ಉದುರಿ ನೋಟ ತೆರೆದುಕೊಂಡಿರುತ್ತದೆ, ನೀರಿನ ಗುಂಡಿಗಳು ಬತ್ತಿ ಉಳಿದ ಕೆಲವಕ್ಕೆ ಪ್ರಾಣಿಗಳು ಬರಲೇಬೇಕಾಗುತ್ತದೆ, ಆದ್ದರಿಂದ ಮಳೆಗಾಲಕ್ಕಿಂತ ಅವಕಾಶ ಚೆನ್ನಾಗಿರುತ್ತದೆ. ಎರಡರ ಬದಲು ನಾಲ್ಕು ಸಫಾರಿ ಮಾಡಿದರೆ ಹುಲಿ ಕಾಣುವ ಸಾಧ್ಯತೆ ಹೆಚ್ಚುತ್ತದೆ ಎಂಬುದೂ ನಿಜವೇ. ಆದರೆ ನಾಲ್ಕರಲ್ಲೂ ಕಾಣದೆ ಹೋದವರಿದ್ದಾರೆ, ಮೊದಲ ಕಾಲು ಗಂಟೆಯಲ್ಲೇ ಕಂಡವರಿದ್ದಾರೆ.

ಹುಲಿಯೊಂದನ್ನೇ ಗುರಿಯಾಗಿಸಿಕೊಂಡ ಸಫಾರಿ ಹೇಗಿರುತ್ತದೆ ಎಂಬುದನ್ನೂ ಹೇಳಬೇಕು. ಪ್ರವಾಸಿಗರು ಹತ್ತಿದ ಕೂಡಲೇ 'ಹುಲಿ ತೋರಿಸಿದರೆ ನೋಡಿಕೊಳ್ಳುತ್ತೇವೆ' ಎಂದು ಚಾಲಕನ ಕಿವಿಯಲ್ಲಿ ಹೇಳುತ್ತಾರೆ. ಅಲ್ಲಿಂದ ಮುಂದೆ ಆತ ದಾರಿಬದಿಯ ಆನೆಗಾಗಲಿ ಮರಕುಟಿಗಕ್ಕಾಗಲಿ ನಿಲ್ಲಿಸುವುದಿಲ್ಲ. ಎಲ್ಲಿಂದಲೋ ಸುದ್ದಿ ಬಂದೊಡನೆ ಗುಂಡಿ ತಗ್ಗು ನೋಡದೆ ಓಡಿಸುತ್ತಾನೆ, ಅಲ್ಲಿ ಆಗಲೇ ನಾಲ್ಕೈದು ವಾಹನಗಳು ಮೂತಿಗೆ ಮೂತಿ ಹಚ್ಚಿ ನಿಂತಿರುತ್ತವೆ. ನಿಮ್ಮ ಅತ್ತೆಯವರ ಸೊಂಟಕ್ಕೆ ಹೆಚ್ಚು ಪೆಟ್ಟು ಬೀಳುವುದು ಈ ಓಟದಲ್ಲಿ. ಹತ್ತುವಾಗಲೇ, 'ನಮಗೆ ಅವಸರವಿಲ್ಲ, ಏನು ಕಂಡರೂ ನಿಲ್ಲಿಸಿ, ನಿಧಾನವಾಗಿ ಓಡಿಸಿ' ಎಂದು ಹೇಳಿ. ಕಬಿನಿಯ ಎಷ್ಟೋ ಚಾಲಕರು ಜೇನುಕುರುಬ, ಬೆಟ್ಟಕುರುಬ ಸಮುದಾಯದವರು, ಇಲ್ಲವೇ ಕಾಡಂಚಿನ ಹಳ್ಳಿಗಳವರು. ಮರ, ಹಕ್ಕಿ, ಹೆಜ್ಜೆಗಳ ಬಗ್ಗೆ ಅವರಿಗೆ ತಿಳಿದಿರುವುದನ್ನು ಕೇಳುವವರು ಕಡಿಮೆ. ಕೇಳಿದರೆ ಅವರ ಮುಖವೇ ಅರಳುತ್ತದೆ.

ನಿಧಾನವಾಗಿ ಹೋಗುವ ವಾಹನದಲ್ಲಿ ಏನಿರುತ್ತದೆ ನೋಡಲು, ಎಂದು ನಿಮ್ಮ ಮಗಳು ಕೇಳಬಹುದು. ಮೊದಲು ನೆಲ. ಹುಲಿ ಪೊದೆಯೊಳಗೆ ನುಸುಳುವುದಕ್ಕಿಂತ ಸಫಾರಿ ದಾರಿಯ ಮೆತ್ತನೆಯ ಧೂಳಿನ ಮೇಲೆ ನಡೆಯಲು ಇಷ್ಟಪಡುತ್ತದೆ, ಸದ್ದಾಗುವುದಿಲ್ಲ, ಮುಳ್ಳೂ ಇಲ್ಲ. ಬೆಳಗ್ಗೆ ಮೊದಲ ವಾಹನದ ಚಾಲಕ ದಾರಿಯ ಮೇಲೆಯೇ ಕಣ್ಣಿಟ್ಟಿರುತ್ತಾನೆ: ನಿನ್ನೆ ಸಂಜೆಯ ಟೈರಿನ ಗುರುತಿನ ಮೇಲೆ ಹೆಜ್ಜೆ ಮೂಡಿದ್ದರೆ ಹುಲಿ ರಾತ್ರಿಯೋ ನಸುಕಿನಲ್ಲೋ ಹೋಗಿದೆ, ಹೆಜ್ಜೆಯ ಮೇಲೆ ಟೈರಿನ ಗುರುತಿದ್ದರೆ ಸುದ್ದಿ ಹಳತು. ಈ ಒಂದು ಸೂತ್ರ ಕಲಿಸಿಕೊಟ್ಟರೆ ಒಂಬತ್ತು ವರ್ಷದ ಮಕ್ಕಳು ದೊಡ್ಡವರಿಗಿಂತ ಚುರುಕಾಗಿ ದಾರಿ ಓದುತ್ತಾರೆ.

ಆಮೇಲೆ ಸದ್ದು. ಎಂಜಿನ್ ಆರಿಸಿ ಐದು ನಿಮಿಷ ಕುಳಿತರೆ ಕಾಡಿನ ಸುದ್ದಿಜಾಲ ಕೇಳಿಸತೊಡಗುತ್ತದೆ. ಮುಸುವಗಳು ಮರದ ಮೇಲೆ, ಚುಕ್ಕೆ ಜಿಂಕೆಗಳು ಅದೇ ಮರದ ಕೆಳಗೆ ಇರುವುದನ್ನು ನೀವು ಮತ್ತೆ ಮತ್ತೆ ನೋಡುತ್ತೀರಿ. ಮುಸುವ ಅರ್ಧ ತಿಂದು ಬಿಸಾಡುವ ಚಿಗುರು, ಕಾಯಿ ಜಿಂಕೆಗೆ ಮೇವು. ಮೇಲಿನಿಂದ ದೂರ ನೋಡುವ ಮುಸುವದ ಕಣ್ಣು, ಕೆಳಗೆ ಗಾಳಿ ಹಿಡಿಯುವ ಜಿಂಕೆಯ ಮೂಗು, ಎರಡೂ ಸೇರಿ ಕಾವಲು. ಚಿರತೆ ಅಥವಾ ಹುಲಿ ಕಂಡರೆ ಮುಸುವ ಗಂಟಲು ಕೆರೆದಂತೆ ಕೂಗುತ್ತದೆ, ಜಿಂಕೆ ಮುಂಗಾಲನ್ನು ನೆಲಕ್ಕೆ ಬಡಿದು ಚೀರುತ್ತದೆ. ಆದರೆ ಜಿಂಕೆ ಅಂಜುಬುರುಕ, ಸಣ್ಣಪುಟ್ಟದ್ದಕ್ಕೂ ಕೂಗುತ್ತದೆ. ಕಡವೆ ಹಾಗಲ್ಲ. ಬಾಲ ನಿಮಿರಿಸಿ, ಒಂದೇ ದಿಕ್ಕಿಗೆ ಕಿವಿ ತಿರುಗಿಸಿ, ಬಿಟ್ಟು ಬಿಟ್ಟು 'ಢಾಂಕ್' ಎಂದು ಕೂಗುವ ಕಡವೆಯ ಮಾತನ್ನು ಅನುಭವಿಗಳು ತಳ್ಳಿಹಾಕುವುದಿಲ್ಲ. ಕರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತ ಹೋದರೆ ಹುಲಿ ನಡೆಯುತ್ತಿದೆ, ನಿಂತುಹೋದರೆ ಅದು ಮಲಗಿದೆ ಅಥವಾ ಮರೆಯಾಗಿದೆ. ಹೀಗೆ ಮುಕ್ಕಾಲು ಗಂಟೆ ಒಂದು ಹುಲಿಯನ್ನು ಕಿವಿಯಿಂದಲೇ ಹಿಂಬಾಲಿಸಿ, ಕೊನೆಗೂ ಕಾಣದೆ ಮರಳಿದ ಬೆಳಗುಗಳು ನನ್ನ ಮಟ್ಟಿಗೆ ವ್ಯರ್ಥವೆನಿಸಿಲ್ಲ. ಯಜಮಾನರಿಗೆ ಇದು ಒಪ್ಪಿಗೆಯಾಗದಿದ್ದರೆ ನಾನು ವಾದಿಸುವುದಿಲ್ಲ.

ಹುಲಿಗಿಂತ ಹೆಚ್ಚಾಗಿ ಕಬಿನಿಗೆ ಹೆಸರು ತಂದುಕೊಟ್ಟದ್ದು ಆನೆಗಳು, ಮತ್ತು ನೀವು ಆರಿಸಿಕೊಂಡಿರುವ ಏಪ್ರಿಲ್ ಅವುಗಳನ್ನು ನೋಡಲು ಹೇಳಿ ಮಾಡಿಸಿದ ಕಾಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ 1974ರಲ್ಲಿ ಅಣೆಕಟ್ಟು ಮುಗಿದಾಗ ಕಪಿಲೆಯ, ಅಂದರೆ ಕಬಿನಿ ನದಿಯ, ಹಿನ್ನೀರು ಕಾಡನ್ನೂ ಹಳ್ಳಿಗಳನ್ನೂ ಮುಳುಗಿಸಿ, ನಾಗರಹೊಳೆ ಮತ್ತು ಬಂಡೀಪುರದ ನಡುವೆ ಅಗಲವಾದ ಜಲಾಶಯವಾಗಿ ನಿಂತಿತು. ಚಳಿಗಾಲ ಕಳೆದು ಕಾಲುವೆಗಳಿಗೆ, ನದಿಗೆ ನೀರು ಹರಿದಂತೆಲ್ಲ ಜಲಾಶಯ ಇಳಿಯುತ್ತದೆ, ಇಳಿದಲ್ಲೆಲ್ಲ ತೇವದ ಮೆಕ್ಕಲು ಮಣ್ಣಿನಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡು ಒಣಗಿ ನಿಂತ ಹೊತ್ತಿನಲ್ಲಿ ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಬೇಕಾದ ಪ್ರಾಣಿಗೆ ನೀರೂ ಮೇವೂ ಒಂದೇ ಕಡೆ ಸಿಗುವ ಜಾಗ ಇದೊಂದೇ. ನಾಗರಹೊಳೆ, ಬಂಡೀಪುರವಷ್ಟೇ ಅಲ್ಲದೆ ವಯನಾಡಿನ ಕಡೆಯಿಂದಲೂ ಹಿಂಡುಗಳು ಬಂದು ಸೇರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕೂಡುವ ತಾಣಗಳು ಬೇರೆಲ್ಲೂ ಹೆಚ್ಚಿಲ್ಲ. ಇದೇ ಕಾಕನಕೋಟೆಯ ಕಾಡಿನಲ್ಲಿ 1971ರವರೆಗೂ ಖೆಡ್ಡಾ ನಡೆಸಿ ಆನೆ ಹಿಡಿಯುತ್ತಿದ್ದರು ಎಂಬುದನ್ನು ಅತ್ತೆಯವರು ಕೇಳಿಯೇ ಇರುತ್ತಾರೆ.

ಸಂಜೆಯ ದೋಣಿಯಿಂದ ನೋಡುವಾಗ ಹಿಂಡನ್ನು ಎಣಿಸುವುದನ್ನು ಬಿಟ್ಟು ಒಂದೇ ಆನೆಯನ್ನು ಹತ್ತು ನಿಮಿಷ ನೋಡಿ. ಅದು ಹುಲ್ಲನ್ನು ಸೊಂಡಿಲಿನಿಂದ ಸುತ್ತಿ, ಮುಂಗಾಲಿನ ಉಗುರಿನಿಂದ ಒದ್ದು ಕಿತ್ತು, ಬೇರಿನ ಮಣ್ಣನ್ನು ಕಾಲಿಗೆ ಬಡಿದು ಉದುರಿಸಿ ಆಮೇಲೆ ಬಾಯಿಗಿಡುತ್ತದೆ. ವರ್ಷ ತುಂಬದ ಮರಿಗೆ ಸೊಂಡಿಲನ್ನು ಏನು ಮಾಡಬೇಕೆಂದೇ ತಿಳಿಯದೆ ನೀರಿಗೆ ನೇರ ಬಾಯಿ ಹಾಕುತ್ತದೆ. ನಿಮ್ಮ ಮಗನಿಗೆ ಹುಲಿಗಿಂತ ಹೆಚ್ಚು ಇಷ್ಟವಾಗುವುದು ಇದೇ. ಕೆಲವು ಆನೆಗಳನ್ನು ಇಲ್ಲಿನವರು ಹೆಸರಿನಿಂದಲೇ ಬಲ್ಲರು. ನೆಲ ಮುಟ್ಟುವಂಥ, ತುದಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡಂಥ ದಂತಗಳಿದ್ದ ಭೋಗೇಶ್ವರ 2022ರ ಜೂನ್‌ನಲ್ಲಿ ವಯಸ್ಸಾಗಿ ತೀರಿಕೊಂಡಾಗ ಅದರ ಒಂದು ದಂತ 2.54 ಮೀಟರ್, ಇನ್ನೊಂದು 2.34 ಮೀಟರ್ ಉದ್ದವಿತ್ತು. ಅಷ್ಟು ದೊಡ್ಡ ಸಲಗ ವಾಹನಗಳ ಪಕ್ಕದಲ್ಲೇ ತನ್ನ ಪಾಡಿಗೆ ನಡೆದು ಹೋಗುತ್ತಿತ್ತು. ಅದರ ಹೆಸರು ಹೇಳಿದರೆ ಯಾವ ಚಾಲಕನೂ ನಿಮಗೊಂದು ಕಥೆ ಹೇಳುತ್ತಾನೆ.

ಒಂದು ಅನಿಶ್ಚಿತತೆಗೆ ಮಾತ್ರ ಸಿದ್ಧರಾಗಿರಿ. ಏಪ್ರಿಲ್ ಕೊನೆಯೆಂದರೆ ಅಶ್ವಿನಿ ಮುಗಿದು ಭರಣಿ ಮಳೆ ಹಿಡಿಯುವ ಹೊತ್ತು. ಎರಡು ಮೂರು ಒಳ್ಳೆಯ ಮಳೆ ಬಿದ್ದರೆ ಕಾಡಿನೊಳಗಿನ ಹಳ್ಳಗುಂಡಿಗಳು ತುಂಬಿ, ಒಳಗೂ ಹುಲ್ಲು ಚಿಗುರಿ, ಹಿಂಡುಗಳು ದಂಡೆ ಬಿಟ್ಟು ಚದುರಿಹೋಗುತ್ತವೆ. ಸಾಧ್ಯವಿದ್ದರೆ ಪ್ರವಾಸವನ್ನು ಒಂದೆರಡು ವಾರ ಮುಂಚಿತವಾಗಿ ಇಟ್ಟುಕೊಳ್ಳಿ. ಸಂಜೆ ಗುಡುಗು, ಗಾಳಿ ಎದ್ದರೆ ದೋಣಿ ಬಿಡುವುದಿಲ್ಲ. ಬಿಟ್ಟರೂ ಹತ್ತಬೇಡಿ, ಬಯಲು ನೀರಿನ ಮೇಲೆ ಸಿಡಿಲಿಗೆ ಮರೆಯಿಲ್ಲ.

ಈಗ ಅತ್ತೆಯವರ ವಿಷಯ, ನನ್ನ ಮಟ್ಟಿಗೆ ಇದೇ ನಿಮ್ಮ ಪತ್ರದ ಮುಖ್ಯ ಭಾಗ. ಒಂದು ಜೀಪ್ ಸಫಾರಿಯೆಂದರೆ ಸುಮಾರು ಮೂರು ಗಂಟೆ ಕಾಡಿನ ದಾರಿಯ ಕುಲುಕಾಟ. ನಾಲ್ಕು ಸಫಾರಿಯೆಂದರೆ ಎರಡು ದಿನಗಳೊಳಗೆ ಹನ್ನೆರಡು ಗಂಟೆ, ಜೊತೆಗೆ ಎರಡು ಬಾರಿ ನಸುಕಿನಲ್ಲಿ ಏಳುವುದು. ಸೊಂಟ ನೋವಿರುವವರಿಗೆ ಇದನ್ನು ನಾನು ಸೂಚಿಸಲಾರೆ. ಹೋಗಲೇಬೇಕೆಂದರೆ ಸೀಟಿನ ಆಯ್ಕೆ ಬಹಳ ಮುಖ್ಯ: ಹಿಂದಿನ ಚಕ್ರದ ಮೇಲೆ ಮತ್ತು ಅದರ ಹಿಂದೆ ಇರುವ ಸೀಟು ಪ್ರತಿ ಗುಂಡಿಗೂ ಏತದ ತುದಿಯಂತೆ ಏರಿಳಿಯುತ್ತದೆ, ಎರಡು ಚಕ್ರಗಳ ನಡುವಿನ ಸೀಟು ಅಷ್ಟು ಎತ್ತಿಹಾಕುವುದಿಲ್ಲ. ಸೀಟುಗಳನ್ನು ಮೊದಲೇ ಹಂಚುವುದರಿಂದ ಬುಕಿಂಗ್ ಮಾಡುವಾಗಲೇ ಹಿರಿಯರಿದ್ದಾರೆಂದು ತಿಳಿಸಿ ಮುಂದಿನ ಸಾಲನ್ನು ಕೇಳಿ. ಜೀಪಿನ ಮೆಟ್ಟಿಲು ಎತ್ತರವಾಗಿರುತ್ತದೆ, ಒಂದು ಸ್ಟೂಲ್ ಇಡಿಸಿಕೊಳ್ಳಲು ಸಂಕೋಚ ಬೇಡ.

ಸಫಾರಿಯ ನಡುವೆ ಇಳಿಯುವಂತಿಲ್ಲ, ಶೌಚಾಲಯವಿಲ್ಲ. ಈ ಭಯಕ್ಕೆ ಎಷ್ಟೋ ಹಿರಿಯರು ಬೆಳಗಿನಿಂದ ನೀರನ್ನೇ ಕುಡಿಯದೆ ಬಂದು, ಬಿಸಿಲಿಗೆ ತಲೆ ತಿರುಗಿ ಬವಣೆಪಡುವುದನ್ನು ನೋಡಿದ್ದೇನೆ. ರಕ್ತದೊತ್ತಡದ ಮಾತ್ರೆಗಳಲ್ಲಿ ಕೆಲವು ಮೂತ್ರವನ್ನು ಹೆಚ್ಚಿಸುವಂಥವು. ಅತ್ತೆಯವರದು ಅಂಥದ್ದೇ ಆದರೆ ಆ ದಿನ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಅವರ ವೈದ್ಯರನ್ನು ಕೇಳಿಕೊಂಡು ಬನ್ನಿ. ಮಾತ್ರೆಯನ್ನು ನೀವಾಗಿಯೇ ತಪ್ಪಿಸಬೇಡಿ.

ಈ ಎಲ್ಲ ಕಾರಣಕ್ಕೆ ಅವರಿಗೆ ದೋಣಿ ಮೇಲು. ಕುಲುಕಾಟವಿಲ್ಲ, ಧೂಳಿಲ್ಲ, ಪ್ರಾಣಿಗಳು ಬಯಲಿನಲ್ಲಿ ಇರುವುದರಿಂದ ಕತ್ತು ಉದ್ದ ಮಾಡಿ ಹುಡುಕಬೇಕಿಲ್ಲ. ಆನೆಯಲ್ಲದೆ ಬಿಸಿಲು ಕಾಯುವ ಮೊಸಳೆ, ನೀರುನಾಯಿಯ ಕುಟುಂಬ, ಮುಳುಗಿದ ಮರಗಳ ಬೊಡ್ಡೆಯ ಮೇಲೆ ರೆಕ್ಕೆ ಹರವಿ ಒಣಗಿಸುವ ನೀರುಕಾಗೆ, ಹಾವಕ್ಕಿ, ಕೆಲವೊಮ್ಮೆ ನೀರಿಗಿಳಿದ ಹುಲಿಯೂ ಕಾಣುತ್ತದೆ. ಆದರೆ ದೋಣಿಗೂ ತೊಡಕುಗಳಿವೆ. ಬೇಸಿಗೆಯಲ್ಲಿ ನೀರು ಇಳಿದಷ್ಟೂ ದೋಣಿಗೆ ಇಳಿಯುವ ದಾರಿ ಉದ್ದವಾಗುತ್ತದೆ, ಮತ್ತು ಅದು ಇಳಿಜಾರಿನ ಮಣ್ಣಿನ ದಂಡೆ. ಅಲ್ಲಿನವರೆಗೆ ವಾಹನ ಹೋಗುತ್ತದೆಯೇ, ಎಷ್ಟು ಮೆಟ್ಟಿಲು ಇಳಿಯಬೇಕು ಎಂದು ರೆಸಾರ್ಟಿನವರನ್ನು ಫೋನಿನಲ್ಲೇ ಕೇಳಿ. 'ಸ್ವಲ್ಪವೇ' ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಲೈಫ್ ಜಾಕೆಟ್ ನಾಲ್ಕು ವರ್ಷದವನ ಅಳತೆಯದೇ ಬೇಕು, ದೊಡ್ಡವರದು ಹಾಕಿದರೆ ಅದು ಅವನ ತಲೆಯ ಮೇಲಿಂದ ಜಾರುತ್ತದೆ. ದೋಣಿಗಾಗಲಿ ಜೀಪಿಗಾಗಲಿ ಚಿಕ್ಕ ಮಕ್ಕಳ ವಯಸ್ಸಿನ ನಿಯಮ ಏನೆಂಬುದನ್ನು ಹಣ ಕಟ್ಟುವ ಮುನ್ನ ವಿಚಾರಿಸಿ, ಗೇಟಿನಲ್ಲಿ ತಿಳಿದು ಅಳುವ ಮಗುವಿನೊಂದಿಗೆ ಮರಳುವ ತಾಯಂದಿರು ಪ್ರತಿ ರಜೆಯಲ್ಲೂ ಇರುತ್ತಾರೆ.

ನಿಮ್ಮ ಮಗ ಸುಮ್ಮನೆ ಕೂರುವುದಿಲ್ಲ ಎಂಬುದಕ್ಕೆ ಇಷ್ಟೊಂದು ಹಿಂಜರಿಕೆ ಬೇಡ. ದಾರಿಬದಿಯ ಜಿಂಕೆಗಳು ಮೆಲುಮಾತಿಗೆ ಓಡುವುದಿಲ್ಲ, ಓಡುವುದು ಹಠಾತ್ ಕೂಗಿಗೆ ಮತ್ತು ಜಿಗಿತಕ್ಕೆ. ಆದರೆ ಆ ವಯಸ್ಸಿನ ಮಗುವಿನಿಂದ ಮೂರು ಗಂಟೆಯ ತಾಳ್ಮೆ ನಿರೀಕ್ಷಿಸುವುದು ಅನ್ಯಾಯ, ಸಹಪ್ರಯಾಣಿಕರಿಗೂ ಕಷ್ಟ. ಮಗಳಿಗೆ ಒಂದು ನೋಟ್‌ಪುಸ್ತಕ ಕೊಟ್ಟು ಕಂಡದ್ದನ್ನು ಬರೆಯಲು, ಚಿತ್ರ ಬಿಡಿಸಲು ಹೇಳಿ. ದುರ್ಬೀನು ಕೊಳ್ಳುವುದಾದರೆ ಎಂಟು ಪಟ್ಟು ದೊಡ್ಡದಾಗಿಸುವುದೇ ಸಾಕು. ಹನ್ನೆರಡು ಪಟ್ಟಿನದು ಅಂಗಡಿಯಲ್ಲಿ ಚೆನ್ನಾಗಿ ಕಂಡರೂ ಕೈ ನಡುಗಿದಷ್ಟೂ ಚಿತ್ರ ನಡುಗುತ್ತದೆ, ನೋಟದ ವಿಸ್ತಾರವೂ ಕಿರಿದಾಗಿ ಮಕ್ಕಳಿಗೆ ಹಕ್ಕಿ ಸಿಗುವುದೇ ಇಲ್ಲ.

ಆದ್ದರಿಂದ ನನ್ನ ಸೂಚನೆ ಹೀಗಿದೆ. ಹುಬ್ಬಳ್ಳಿಯಿಂದ ರಾತ್ರಿ ರೈಲಿನಲ್ಲಿ ಮೈಸೂರಿಗೆ ಬಂದು, ಅಲ್ಲಿಂದ ಎರಡು ಗಂಟೆ ಕಾರಿನಲ್ಲಿ ಕುಳಿತು ಬಂದ ದಿನವೇ ಸಂಜೆ ಸಫಾರಿಗೆ ಹತ್ತಬೇಡಿ. ಹತ್ತಿದವರಲ್ಲಿ ಅರ್ಧ ಜನ ತೂಕಡಿಸುತ್ತಿರುತ್ತಾರೆ. ಮರುದಿನ ನಸುಕಿನಲ್ಲಿ ಯಜಮಾನರೂ ಮಗಳೂ ಜೀಪಿನಲ್ಲಿ ಹೋಗಲಿ. ಹುಲಿಗೆ ಅದೇ ಒಳ್ಳೆಯ ಹೊತ್ತು, ಇಬ್ಬರಿಗೂ ಆಸಕ್ತಿಯಿದೆ, ನಡುವೆ ಯಾರನ್ನೂ ಸಂತೈಸುವ ಹೊಣೆಯಿಲ್ಲ. ನೀವು, ಅತ್ತೆ ಮತ್ತು ಮಗ ಏಳುವ ಹೊತ್ತಿಗೆ ಎದ್ದು, ಕಾಫಿ ಹಿಡಿದು ರೆಸಾರ್ಟಿನ ದಂಡೆಯ ಕಡೆಯ ಜಗಲಿಯಲ್ಲಿ ಕುಳಿತುಕೊಳ್ಳಿ. ಬೆಳಗಿನ ಏಳರಿಂದ ಒಂಬತ್ತರವರೆಗೆ ಅಲ್ಲಿ ಕಾಣುವ ಮಿಂಚುಳ್ಳಿ, ಮಂಗಟ್ಟೆ, ಕಾಜಾಣ, ಗಿಡುಗಗಳನ್ನು ಜೀಪಿನವರು ನೋಡುವುದಿಲ್ಲ. ಮಧ್ಯಾಹ್ನ ಊಟ, ನಿದ್ದೆ. ಸಂಜೆ ಎಲ್ಲರೂ ಕೂಡಿ ದೋಣಿ. ಮೂರನೆಯ ಬೆಳಗ್ಗೆ ಯಜಮಾನರಿಗೆ ಇನ್ನೂ ಆಸೆ ಉಳಿದಿದ್ದರೆ ಅವರೊಬ್ಬರೇ ಹೋಗಿಬರಲಿ. ಕುಟುಂಬದ ರಜೆಯೆಂದರೆ ಎಲ್ಲರೂ ಎಲ್ಲ ಹೊತ್ತೂ ಒಂದೇ ವಾಹನದಲ್ಲಿರಬೇಕೆಂಬ ನಿಯಮ ಎಲ್ಲೂ ಇಲ್ಲ.

ಕೊನೆಯದಾಗಿ, ಹಣ ಕಟ್ಟುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಜನ ಬಲಿಯಾದ ಬಳಿಕ 2025ರ ನವೆಂಬರ್‌ನಲ್ಲಿ ಸರ್ಕಾರ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿಯನ್ನು ನಿಲ್ಲಿಸಿ, ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ತೊಡಗಿಸಿತು. ಕಾಡ್ಗಿಚ್ಚಿನ ಕಾಲದಲ್ಲೂ ಹೀಗೆ ಆಗುವುದುಂಟು. ಹಾಗೇನಾದರೂ ಆದರೆ ಹಣ ಮರಳುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. ಬದಲಿ ತಾಣವಾಗಿ ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. 1940ರಲ್ಲಿ ಪಕ್ಷಿಧಾಮವಾದ ಈ ಜಾಗದಲ್ಲಿ ಹುಟ್ಟುಹಾಕುವ ದೋಣಿಯವರು ಬಣ್ಣದ ಕೊಕ್ಕರೆಗಳ ಗೂಡಿನ ಹತ್ತಿರಕ್ಕೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯ ಪಕ್ಕಕ್ಕೆ ಕರೆದೊಯ್ಯುತ್ತಾರೆ, ಅತ್ತೆಯವರ ಮಂಡಿಗೂ ಹೆಚ್ಚು ಶ್ರಮವಿಲ್ಲ. ಬೆಳಗ್ಗೆ ಬೇಗ ತಲುಪಿದರೆ ಜನಸಂದಣಿ ಕಡಿಮೆ, ಬಿಸಿಲೂ ಕಡಿಮೆ. ಕಬಿನಿಯ ಸಫಾರಿ ನಡೆಯುತ್ತಿದ್ದರೂ, ಮೈಸೂರಿಗೆ ರೈಲು ಬೆಳಗ್ಗೆಯೇ ಮುಟ್ಟುವುದಾದರೆ ಮೊದಲ ದಿನ ಇಲ್ಲಿಗೆ ಹೋಗಿಯೇ ಮುಂದೆ ಹೊರಡಬಹುದು.